ಎರಡು ರಾಜ್ಯದ ಮನೆಗೆ ಒಂದು ನಲ್ಲಿ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದನಪ್ಪ. ಊರು ಎಲ್ಲಿತ್ತು? ಎರಡು ರಾಜ್ಯಗಳ ಗಡಿಯ ಮೇಲೆ. ಮನೆ ಎಲ್ಲಿತ್ತು? ಗಡಿಯ ಗೆರೆ ಅವನ ನಡುಮನೆಯಲ್ಲೇ ಹಾದುಹೋಗಿತ್ತು ನೋಡಿ! ಜಗಲಿ ಒಂದು ರಾಜ್ಯದಲ್ಲಿ, ಅಡುಗೆಮನೆ ಇನ್ನೊಂದರಲ್ಲಿ. ಗಂಡ ಕೂಗಿದರೆ ಹೆಂಡತಿ ಪಕ್ಕದ ರಾಜ್ಯದಿಂದ ಕಾಫಿ ತರಬೇಕು. ನಗಬೇಡಿ, ನಿಮ್ಮನೆ ಕಥೆಗೂ ಬರ್ತೀನಿ.

ಎರಡೂ ಸರ್ಕಾರದವರು ನಲ್ಲಿ ನೀರಿನ ಪೈಪು ತಂದರು. ಒಬ್ಬರದು ಮುಂಬಾಗಿಲಿಗೆ, ಇನ್ನೊಬ್ಬರದು ಹಿತ್ತಲಿಗೆ. ಒಂದು ಅರ್ಜಿ ಹಾಕಿದರೆ ಮನೆಯೊಳಗೆ ನೀರು. ಆದರೆ ಯಾವ ರಾಜ್ಯದವನು ಅಂತ ಬರೆದುಕೊಡಬೇಕು. ಶ್ರೀಮಂತ ಹೇಳಿದ, "ತಡೀರಿ. ಯಾವ ರಾಜ್ಯ ಮುಂದಿದೆ ಅಂತ ನೋಡಿ ಬರೀತೀನಿ."

ನೋಡಿದ. ತಲಾ ಆದಾಯದಲ್ಲಿ ಜಗಲಿಯ ರಾಜ್ಯ ಮುಂದು. ಪೆನ್ನು ತೆಗೆದ. ಅಷ್ಟರಲ್ಲಿ ಪೇಪರಿನಲ್ಲಿ ಬಂತು, ಶಾಲೆ-ಆಸ್ಪತ್ರೆಗಳಲ್ಲಿ ಅಡುಗೆಮನೆಯ ರಾಜ್ಯ ಮುಂದು. ಪೆನ್ನು ಮುಚ್ಚಿದ. ಮರುವರ್ಷ ಕಾರ್ಖಾನೆಗಳ ಪಟ್ಟಿ, ಅದರ ಮರುವರ್ಷ ರಸ್ತೆಗಳ ಪಟ್ಟಿ. ಹೀಗೆ ಏಳು ವರ್ಷ! ಏಳು ವರ್ಷ ಜಗಲಿಯಲ್ಲಿ ಕೂತು ಹೋದವರ ಬಂದವರ ಜೊತೆ ವಾದ. ಆ ಏಳು ವರ್ಷ ನೀರು ಹೊತ್ತವರು ಯಾರು? ಹೆಂಡತಿ. ಅರ್ಧ ಮೈಲಿ ದೂರದ ಬೋರ್‌ವೆಲ್ಲಿನಿಂದ, ದಿನಕ್ಕೆ ಹನ್ನೆರಡು ಕೊಡ. ಆಳು ಇರಲಿಲ್ಲವಾ ಅಂತೀರಾ? ಶ್ರೀಮಂತ ಅಂದೆ, ಉದಾರಿ ಅನ್ನಲಿಲ್ಲ. ಆ ತಾಯಿಯ ಮಂಡಿ ಸವೆದು ಹೋಗಿತ್ತು.

ಒಂದು ದಿನ ಶ್ರೀಮಂತ ಬಚ್ಚಲಲ್ಲಿ ಮುಖದ ತುಂಬ ಸೋಪು ಹಚ್ಚಿಕೊಂಡು ಕೂತಿದ್ದ. ಹಂಡೆ ಖಾಲಿ. "ನೀರೂ..." ಅಂದ. ಮತ್ತೆ ಕೂಗಿದ, "ಲೇ, ಇವಳೇ, ಕಣ್ಣು ಉರೀತಿದೆ ಕಣೇ!"

ಆಕೆ ನಡುಮನೆಯ ಕಂಬಕ್ಕೆ ಒರಗಿ, ಎರಡು ರಾಜ್ಯಕ್ಕೂ ಒಂದೊಂದು ಕಾಲು ಚಾಚಿ ಕೂತಿದ್ದಳು. "ಮುಂದಿರೋ ರಾಜ್ಯದಿಂದ ತರಿಸ್ಕೊಳ್ಳಿ. ನನ್ನ ಮಂಡಿ ಎರಡು ರಾಜ್ಯದಲ್ಲೂ ಒಂದೇ ಥರ ನೋಯ್ತಿದೆ."

ಏನು ಮಾಡ್ತಾನೆ? ಟವೆಲು ಸುತ್ತಿಕೊಂಡು, ಒಂದು ಕಣ್ಣು ಮುಚ್ಚಿಕೊಂಡು, ಕೊಡ ಹಿಡಿದು ಹೊರಟ. ಎರಡು ರಾಜ್ಯದ ಜನ ಅವತ್ತು ಒಟ್ಟಿಗೆ ನಿಂತು ನೋಡಿದರು! ಬೋರ್‌ವೆಲ್ಲಿನ ಹತ್ತಿರ ಹೆಂಗಸರು ಜಾಗ ಬಿಡಲಿಲ್ಲ. "ಸಾಲಿನಲ್ಲಿ ನಿಲ್ಲಿ ಯಜಮಾನ್ರೇ, ಇಲ್ಲಿ ನಿಮ್ಮದು ಹದಿನಾಲ್ಕನೇ ಸ್ಥಾನ." ಸೋಪು ಒಣಗಿ ಮುಖ ಬಿಗಿಯಿತು. ತುಂಬಿದ ಕೊಡ ಹೊತ್ತು ನೂರು ಹೆಜ್ಜೆ ನಡೆದ, ಕೂತೇಬಿಟ್ಟ. "ಇದನ್ನ ಅವಳು ದಿನಕ್ಕೆ ಹನ್ನೆರಡು ಸಲ..." ಅಂದ. ಮಧ್ಯಾಹ್ನವೇ ಹೋಗಿ ಅರ್ಜಿ ಹಾಕಿದ.

ಯಾವ ರಾಜ್ಯಕ್ಕೆ ಹಾಕಿದ ಅಂತ ತಾನೇ ನಿಮ್ಮ ಪ್ರಶ್ನೆ? ನೋಡಿ, ಹರಿಕಥೆ ಕೇಳೋಕೆ ಮೂರನೇ ಸಾಲಲ್ಲಿ ಕೂತ ಯಜಮಾನರು ಆಗಲೇ ಬಾಯಿ ತೆರೆದರು! ಇಷ್ಟು ಹೊತ್ತು ನಾನು ಹೇಳಿದ್ದು ನಿಮಗೇ ಸ್ವಾಮಿ!

ಹೋಲಿಸಬೇಡಿ ಅನ್ನೋದಿಲ್ಲ. ಪಕ್ಕದ ರಾಜ್ಯ ಚೆನ್ನಾಗಿ ಮಾಡಿದ್ದರೆ ಕಲಿಯಬೇಕು, ನಮ್ಮವರು ಮಾಡದಿದ್ದರೆ ಕೇಳಬೇಕು. ಆದರೆ ನಾಳೆ ಬೆಳಿಗ್ಗೆ ಮೊಬೈಲು ಹಿಡಿದು 'ನಮ್ಮ ರಾಜ್ಯ, ನಿಮ್ಮ ರಾಜ್ಯ' ಅಂತ ಜಗಳಕ್ಕೆ ಇಳಿಯೋ ಮುಂಚೆ, ನಿಮ್ಮ ಮನೆಯಲ್ಲಿ ದಿನಾ ಭಾರ ಎತ್ತೋರಿಗೆ ಎಲ್ಲಿ ನೋಯ್ತಿದೆ ಅಂತ ಕೇಳಿ. ಕೇಳಿ ಸುಮ್ಮನಾಗಬೇಡಿ, ಆ ಭಾರ ನೀವು ಎತ್ತಿ. ನಾಳೆ ಯಾಕೆ, ಈಗಲೇ ಆಗಲಿ. ಇವತ್ತಿನ ಪ್ರಸಾದಕ್ಕೆ ಅಮ್ಮಂದಿರು ಮೊದಲು ಕೂರ್ತಾರೆ, ಗಂಡಸರು ಬಡಿಸ್ತಾರೆ. ಏಳಿ ಯಜಮಾನರೇ, ಸಾರಿನ ಬಕೆಟ್ಟು ಆ ಮೂಲೆಯಲ್ಲಿದೆ.