ಮಿಕ್ಕಿದ್ದರ್ಧ ಎಲ್ಲೋಯ್ತು?

ಗೆಜ್ಜಲಗೆರೆಯಲ್ಲಿ ಬಸ್ಸು ಹತ್ತಿದ ಇಬ್ಬರು ಹುಡುಗಿಯರು ನನ್ನ ಮುಂದಿನ ಸೀಟಿನಲ್ಲಿ ಕುಳಿತರು. ಯಾವುದೋ ಕಾರ್ಖಾನೆಗೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರೆಂದು ಮಾತಿನಿಂದಲೇ ತಿಳಿಯಿತು. ಜಾಕಿಯಾ ಎಂಬಾಕೆ ಸಿಟ್ಟಿನಲ್ಲಿದ್ದಳು.

“ಮೊದ್ಲಿದ್ದೋರು ಡೇಟಾಬೇಸ್ ಕೆಲ್ಸವೆಲ್ಲ ಪ್ರೋಗ್ರಾಮಿನ ಒಂದೇ ತುಂಡಲ್ಲಿ, ಒಂದೇ ಕ್ಲಾಸಲ್ಲಿ ತುರುಕಿದ್ರು ಕಣೆ ದೀಪಿಕ. ರಜ, ಸಂಬ್ಳ, ಕ್ಯಾಂಟೀನು, ಎಲ್ಲಾ. ಒಂದು ಮುಟ್ಟುದ್ರೆ ಇನ್ನೊಂದು ಕೆಡ್ತಿತ್ತು. ಬುಡಿಸಿ ಬುಡಿಸಿ ಸಣ್ಣಸಣ್ಣ ಕ್ಲಾಸ್ ಮಾಡ್ದೆ.”

“ಒಳ್ಳೇದೇ ಆಯ್ತಲ್ಲ! ಮ್ಯಾನೇಜರ್ ಏನಂದ್ರು?”

“‘ಪ್ರೋಗ್ರಾಂ ಮೊದ್ಲು ಅಷ್ಟುದ್ದ ಇತ್ತು, ಈಗ ಅರ್ಧನೇ ಐತೆ. ಮಿಕ್ಕಿದ್ದರ್ಧ ಎಲ್ಲೋಯ್ತಮ್ಮ?’ ಅಂದ್ರು.”

“ನೀನೇನಂದೆ?”

“ಬರ್ದಿದ್ದನ್ನೇ ಬರ್ದಿದ್ರು, ಅಳಿಸ್ದೆ ಸಾರ್ ಅಂದೆ. ‘ಕಂಪ್ನಿ ಆಸ್ತಿ ಅಳಿಸಕ್ಕೆ ನೀನ್ಯಾರು? ನಾಳೆ ವಾಪಸ್ ತರ್ದಿದ್ರೆ ಕೆಲ್ಸಕ್ಕೆ ಬರ್ಬ್ಯಾಡ’ ಅಂದ್ರು.”

“ಅಯ್ಯೋ! ಏನ್ ಮಾಡ್ತೀಯೆ ಈಗ?”

“ವಾಪಸ್ ಆಕ್ತೀನಿ ಬುಡು. ಪ್ರತಿ ಸಾಲಿನ ಮುಂದೆ ಒಂದು ಕಾಮೆಂಟ್ ಗುರ್ತು ಇಡ್ತೀನಿ. ಆಗ ಕಂಪ್ಯೂಟರ್ ಅದ್ನ ಓದಕಿಲ್ಲ.”

“ಮ್ಯಾನೇಜರ್ ಓದುದ್ರೆ?”

“ಅವ್ರೂ ಓದಕಿಲ್ಲ ಕಣೆ. ಉದ್ದ ಎಷ್ಟೈತೆ ಅಂತ ನೋಡ್ತಾರೆ, ಅಷ್ಟೆ.”

ಮದ್ದೂರು ಬಂತು. ಇಬ್ಬರೂ ಜೋರಾಗಿ ನಗುತ್ತಲೇ ಇಳಿದು ಮಳವಳ್ಳಿ ಬಸ್ಸಿನತ್ತ ಓಡಿದರು.