ಹನ್ನೊಂದು ಮನೆಯ ತಮ್ಮ

ಹನ್ನೊಂದು ಹಾಳೆಯೂ ನನ್ನದೇ ಮೇಡಂ. ಒಪ್ಕೊಂಡೆ, ಮುಗೀತಲ್ಲ. ಹೀಗೆ ಮೇಜಿನ ತುಂಬಾ ಇಸ್ಪೀಟ್ ಎಲೆ ಹರಡಿದ ಹಾಗೆ ಹರಡೋ ಅಗತ್ಯವೇ ಇರ್ಲಿಲ್ಲ. ಒಂದು ಮಾತು ಕೇಳಿದ್ರೆ ನಾನೇ ಹೇಳ್ತಿದ್ದೆ. ಏನು, ಅಕ್ಷರ ನೋಡ್ತಿದೀರಾ? ಅಕ್ಷರ ಅವರವರದೇ. ನಾನು ಹೇಳ್ತಾ ಹೋಗ್ತೀನಿ, ಅವರು ಬರೀತಾ ಹೋಗ್ತಾರೆ. ಶನಿವಾರ ಬಟ್ಟೆ ಒಗೆಯೋ ಕಲ್ಲಿನ ಹತ್ರ. ನಲ್ಲಿ ಪೂರ್ತಿ ತಿರುಗಿಸಿಟ್ರೆ ವಾರ್ಡನಮ್ಮನಿಗೆ ಏನೂ ಕೇಳಿಸಲ್ಲ.

ನಗ್ತಿದೀರಾ? ಇಲ್ವಾ. ತುಟಿ ಅಲ್ಲಾಡಿದ ಹಾಗಿತ್ತು.

ಬರ್ಕೊಳ್ಳಿ ಮೇಡಂ, ಪೆನ್ನಿನ ಕ್ಯಾಪೇ ತೆಗೆದಿಲ್ಲ ನೀವು. ನಾಳೆ ಹತ್ತು ಗಂಟೆಗೆ ಬಾಲನ್ಯಾಯ ಮಂಡಳಿಯವರು ಮೂರು ಜನ ಕೂತ್ಕೋತಾರೆ, ಈ ಹುಡುಗೀನ ಮನೆಗೆ ಕಳಿಸೋದಾ, ಇನ್ನಾರು ತಿಂಗಳು ಇಲ್ಲೇ ಇಟ್ಕೊಳ್ಳೋದಾ ಅಂತ. ನಿಮ್ಮ ವರದಿ ಇವತ್ತು ನಾಲ್ಕಕ್ಕೆ ಹೋಗ್ಬೇಕು. ಈಗ ಮೂರೂ ಹತ್ತು. ‘ಹದಿನಾರು ವರ್ಷ, ಬುದ್ಧಿ ಚುರುಕು, ಮೋಸ ಮಾಡುವುದರಲ್ಲಿ ಪಳಗಿದ ಕೈ, ಮನೆಗೆ ಕಳಿಸಲು ಇನ್ನೂ ಯೋಗ್ಯಳಲ್ಲ.’ ನೋಡಿ, ನಿಮ್ಮದೂ ನಾನೇ ಬರೆದುಕೊಟ್ಟೆ.

ಈ ಮನಸ್ಸಿನ ಹಾಳೆ ಇದೆಯಲ್ಲ, ಇದನ್ನ ಮಾಡಿದವರು ಯಾರೋ ಗೊತ್ತಿಲ್ಲ, ತುಂಬಾ ಒಳ್ಳೆಯವರು ಇರ್ಬೇಕು. ಮೇಲೆ ಐದು ಮುಖ. ಗಳಗಳ ಅಳೋದರಿಂದ ಹಿಡಿದು ಹಲ್ಲು ಕಿರಿಯೋ ತನಕ. ಯಾವುದಾದ್ರೂ ಒಂದಕ್ಕೆ ಗುರುತು ಹಾಕ್ಬೇಕು. ಕೆಳಗೆ ಮೂರು ಪ್ರಶ್ನೆ. ನಾನು ಬಂದಾಗ ಇಲ್ಲಿ ಎಲ್ಲರೂ ಹಲ್ಲು ಕಿರಿಯೋ ಮುಖಕ್ಕೇ ಗುರುತು ಹಾಕ್ತಿದ್ರು. ನೀವು ನಂಬ್ತಿರ್ಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಅಳೋ ಮುಖಕ್ಕೆ ಹಾಕಿದ್ರು. ನೀವು ಗಾಬರಿಯಾಗಿ ವಾರಕ್ಕೆ ಎರಡೆರಡು ಸಲ ಕೌನ್ಸೆಲಿಂಗಿಗೆ ಕರೆಯೋಕೆ ಶುರು ಮಾಡಿದ್ರಿ, ಪಾಪ, ಊಟಕ್ಕೂ ಎದ್ದು ಹೋಗದೆ. ನನಗೇ ಅಯ್ಯೋ ಅನ್ನಿಸ್ತು. ಇವರಿಗೊಂದು ಶಿಸ್ತು ಕಲಿಸ್ಬೇಕು ಅಂದ್ಕೊಂಡೆ. ಎರಡು ವಾರ ಅಳೋ ಮುಖ. ಆಮೇಲೆ ಒಂದು ವಾರ ಸಪ್ಪೆ ಮುಖ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ಬೇಕು. ಮಧ್ಯೆ ಒಂದ್ಸಲ ಜಾರ್ಲೇಬೇಕು, ಜಾರದೆ ಹತ್ತಿದವರ ಮೇಲೆ ಅನುಮಾನ ಬರುತ್ತೆ.

ಈ ಹನ್ನೊಂದರಲ್ಲಿ ಏಳು ಜನ ಈಗ ಅವರವರ ಮನೇಲಿದಾರೆ ಮೇಡಂ. ನಿಮ್ಮ ಲೆಕ್ಕಕ್ಕೆ ಹಾಕ್ಕೊಳ್ಳಿ ಪರವಾಗಿಲ್ಲ, ನಾನು ಪಾಲು ಕೇಳಲ್ಲ.

ಲಂಚಗಿಂಚ ಇಲ್ಲ. ಒಂದು ಹಾಳೆ ಬರೆಸಿಕೊಂಡವರು ನನ್ನ ಸರದಿಯ ವರಾಂಡ ಒರೆಸ್ಬೇಕು, ಅಷ್ಟೆ. ಐದು ತಿಂಗಳಿಂದ ನಾನು ನೆಲ ಒರೆಸೋ ಬಟ್ಟೆ ಒದ್ದೆ ಮಾಡಿಲ್ಲ. ವಾರ್ಡನಮ್ಮ ನನ್ನನ್ನ ತೋರಿಸಿ, ಈ ಹುಡುಗಿ ನೆಲ ಒರೆಸಿದ್ರೆ ಕನ್ನಡಿ ಆಗುತ್ತೆ ಅಂತ ಹೊಸಬರಿಗೆ ಹೇಳ್ತಾರೆ.

ಕೆಲಸ ಮಾತ್ರ ಅಚ್ಚುಕಟ್ಟು. ದರ್ಜಿಯ ಹಾಗೆ ಅಳತೆ ತಗೊಂಡೇ ಹೊಲೀತಿದ್ದೆ. ಕೈ ಮೊದಲು ಮಾತು ಆಮೇಲೆ ಅನ್ನೋವಳು ಒಬ್ಬಳಿದ್ಲಲ್ಲ, ಅವಳಿಗೆ ‘ಸಿಟ್ಟು ಬಂದಾಗ ಗಿಡಕ್ಕೆ ನೀರು ಹಾಕುತ್ತೇನೆ’ ಅಂತ ಕೊಟ್ಟೆ. ಅವಳು ಅದನ್ನ ನಿಜ ಮಾಡೋಕೆ ಹೋಗಿ ಆ ಕುಂಡದ ಗಿಡ ಕೊಳೆತು ಹೋಯ್ತು. ದಿನಕ್ಕೆ ಒಂಬತ್ತು ಸಲ ಸಿಟ್ಟು ಬಂದ್ರೆ ಗಿಡ ತಾನೇ ಏನು ಮಾಡುತ್ತೆ?

ಈ ಸಲ ನಕ್ಕಿದ್ದು ನಿಜ. ನೋಡ್ದೆ.

ಇನ್ನೊಂದು ಹೇಳ್ಬಿಡ್ತೀನಿ, ಇದನ್ನೂ ಬರ್ಕೊಳ್ಳಿ. ನೀವು ಸುಮ್ಮನೆ ಕೂತ್ಬಿಡ್ತೀರಲ್ಲ, ಈಗ ಕೂತಿದೀರಲ್ಲ ಹೀಗೆ, ಅದು ನಿಮ್ಮ ವಿದ್ಯೆ ಅಂತ ನಮಗೆಲ್ಲಾ ಗೊತ್ತು. ನಾವು ಸುಮ್ಮನಿದ್ರೆ ಎದುರಿಗಿರೋರು ತಡೆಯಲಾರದೆ ಬಾಯಿ ಬಿಡ್ತಾರೆ ಅಂತ ನಿಮಗೆ ಹೇಳಿಕೊಟ್ಟಿರ್ತಾರೆ. ಅದಕ್ಕೂ ಮದ್ದು ಕಂಡುಹಿಡಿದೆ. ಮೇಡಂ ಸುಮ್ಮನಾದ್ರಾ, ಮನಸ್ಸಲ್ಲೇ ನೂರರ ತನಕ ಎಣಿಸಿ ಅಂದೆ. ನೂರಾಗೋ ಹೊತ್ತಿಗೆ ಅವರಿಗೇ ಕೆಮ್ಮು ಬರುತ್ತೆ. ಎಂಬತ್ತು ದಾಟಿ ಕೂತವರು ನಿಮ್ಮಲ್ಲಿ ಯಾರೂ ಇಲ್ಲ. ಅಂದ್ರೆ, ನೀವೊಬ್ಬರೇ ಅಲ್ವಾ ಇರೋದು. ಎಂಬತ್ತು ನಿಮ್ಮ ದಾಖಲೆ.

ಸಿಕ್ಕಿಬಿದ್ದಿದ್ದು ಬಿಕ್ಕಳಿಕೆಯಿಂದ. ರೋಗ ಅಲ್ಲ, ಹುಡುಗಿ. ಸುಳ್ಳು ಹೇಳಿದ್ರೆ ಬಿಕ್ಕಳಿಕೆ ಬರುತ್ತೆ ಅವಳಿಗೆ, ಅದಕ್ಕೇ ಆ ಹೆಸರು. ಬಾಯಲ್ಲಿ ಹೇಳಿದ್ರೆ ಬಿಕ್ಕಳಿಕೆ, ಬರೆದ್ರೆ ಬರಲ್ಲ, ಅದೊಂದು ಪುಣ್ಯ. ಮೂರನೇ ಪ್ರಶ್ನೆಗೆ, ‘ಮನೆಗೆ ಹೋದ ಮೊದಲ ದಿನ ಹೇಗಿರುತ್ತದೆ’ ಅನ್ನೋದಕ್ಕೆ, ಬರೆಸಿದೆ. ‘ನಾನು ಮೆಟ್ಟಿಲು ಹತ್ತುವ ಸದ್ದಿಗೇ ತಮ್ಮ ಬಾಗಿಲಿಗೆ ಓಡಿ ಬರುತ್ತಾನೆ.’ ಚೆನ್ನಾಗಿದೆಯಲ್ವಾ? ನಿಮಗೂ ಚೆನ್ನಾಗಿದೆ ಅನ್ನಿಸಿರ್ಬೇಕು. ಇಲ್ದಿದ್ರೆ ನೀವು ಅವರ ಮನೆಗೆ ಹೋದಾಗ, ಎಲ್ಲಿ ನಿಮ್ಮ ಮಗ, ಸ್ಕೂಲಿಂದ ಬಂದಿಲ್ವಾ ಅಂತ ಕೇಳ್ತಿರ್ಲಿಲ್ಲ. ಅವಳು ಒಬ್ಬಳೇ ಮಗಳು ಮೇಡಂ! ಅವರಮ್ಮ ಭೇಟಿಗೆ ಬಂದಾಗ ಹೇಳಿದ್ರಂತೆ, ಅವತ್ತಿಂದ ಮನೇಲಿ ನಿಮ್ಮಪ್ಪನ ಜೊತೆ ಮಾತು ಬಿಟ್ಟಿದೀನಿ, ಯಾವ ಮಗ ಅಂತ ಬಾಯಿಬಿಡೋ ತನಕ ಅಂತ.

ಅಲ್ಲಿಂದ ನೀವು ಹಳೇ ಹಾಳೆಗಳನ್ನೆಲ್ಲಾ ತೆಗೆದು ನೋಡಿದೀರ. ಹೌದು, ಹನ್ನೊಂದರಲ್ಲೂ ತಮ್ಮ ಇದಾನೆ. ಬರೀ ಮೂರು ಜನ ಅಕ್ಕಂದಿರು ಇರೋ ಮನೇಲೂ ತಮ್ಮ. ಅಜ್ಜಿ ಒಬ್ಬರೇ ಇರೋ ಮನೇಲೂ ತಮ್ಮ. ಹನ್ನೊಂದು ಬಾಗಿಲಿಗೂ ಓಡಿ ಬರ್ತಾನೆ. ಅದು ನನ್ನ ತಪ್ಪೇ. ಅವಸರದಲ್ಲಿ ಅಳತೆ ತಗೊಳ್ಳೋದು ಮರೆತು ಒಂದೇ ಅಂಗಿ ಎಲ್ಲರಿಗೂ ಹೊಲೆದೆ.

ಯಾಕೆ ಅದನ್ನೇ ಅಂತ ಏನಿಲ್ಲ, ಬಾಯಿಗೆ ಬಂತು. ನನ್ನ ತಮ್ಮನ ವಿಷಯ ಅಲ್ಲ ಇದು. ಅದನ್ನ ಬಿಡಿ.

ವರದಿ ಬರೀರಿ ಮೇಡಂ, ಮೂರೂವರೆ ಆಯ್ತು. ಸಾಲ್ದಾ ಇಷ್ಟು? ಹಿಂದಿನದ್ದೂ ಸೇರಿಸಿ. ಮೊದಲ ಸಲ ಮಂಡಳಿ ಕರೆದಾಗ ಹಿಂದಿನ ದಿನ ಗಂಟೆ ಬಿಚ್ಚಿ ನೀರಿನ ಟ್ಯಾಂಕಿಗೆ ಹಾಕಿದ್ದು ನಾನೇ. ಎಂಟು ದಿನ ವಾರ್ಡನಮ್ಮ ತಟ್ಟೆ ಬಡಿದು ನಮ್ಮನ್ನ ಎಬ್ಬಿಸಿದ್ರು. ಎರಡನೇ ಸಲ ಕಿಟಕಿ ಗಾಜು ಒಡೆದೆ ಅಂತ ಒಪ್ಕೊಂಡೆ. ಒಡೆದಿದ್ದು ಬೆಕ್ಕು. ಬೆಕ್ಕಿಗೇನು, ಅದಕ್ಕೆ ಮಂಡಳಿ ಇಲ್ಲ. ಎರಡು ಸಲವೂ ವಿಚಾರಣೆ ಮುಂದಕ್ಕೆ ಹೋಯ್ತು...

ಏನು ಹಾಗೆ ನೋಡ್ತೀರಾ? ಎರಡು ಸಲವೂ ಹಿಂದಿನ ದಿನ. ಹೌದು. ಇವತ್ತೂ ಹಿಂದಿನ ದಿನವೇ. ಕಾಕತಾಳೀಯ.

ಇದು ಯಾವುದು? ಹನ್ನೆರಡನೇದಾ? ಇದು ನನ್ನದು. ನನಗ್ಯಾಕೆ ಕೊಡ್ತಿದೀರ? ಮೂರನೇ ಪ್ರಶ್ನೆ ಖಾಲಿ ಬಿಟ್ಟಿದೀನಿ ಅಂತಾನಾ? ಎಲ್ಲರದ್ದೂ ಬರೆಸಿ ಬರೆಸಿ ನನ್ನದಕ್ಕೆ ಹೊತ್ತೇ ಸಿಗ್ಲಿಲ್ಲ. ಹೋದ ವಾರದ್ದೂ ಖಾಲಿ. ಅದರ ಹಿಂದಿನದ್ದೂ. ಹೂಂ, ಎಲ್ಲವೂ.

ಸುಮ್ಮನಾಗ್ಬಿಟ್ರಾ? ಸರಿ, ನನಗೂ ಬರುತ್ತೆ. ಎಣಿಸ್ತೀನಿ.

...

ನಲವತ್ತಾಯ್ತು. ಪೆನ್ನು ಇನ್ನೂ ಚಾಚಿಕೊಂಡೇ ಇದೀರ, ಕೈ ನೋಯುತ್ತೆ.

...

ಎಂಬತ್ತು.

...

ನೂರಾಯ್ತು ಮೇಡಂ. ಕೆಮ್ಮಿ.

...

ಚೆನ್ನಾಗಿದಾನೆ ಅವನು. ನೀವು ಕೇಳ್ಲಿಲ್ಲ ಅಲ್ವಾ? ನಾನೇ ಹೇಳಿದ್ದು. ಒಂಬತ್ತು ವರ್ಷ ಅವನಿಗೆ. ಚಿಕ್ಕಪ್ಪನ ಗ್ಯಾರೇಜಿಗೆ ರಿಪೇರಿಗೆ ಬಂದ ಬೈಕು ಅದು, ನಾನು ಯಾರಿಗೂ ಹೇಳದೆ ಓಡಿಸ್ಕೊಂಡು ಹೋಗಿದ್ದು. ಫೈಲಿನಲ್ಲಿ ಬೈಕಿನ ಬಗ್ಗೆ ನಾಲ್ಕು ಪುಟ ಇದೆ, ಬಣ್ಣ, ನಂಬರು, ಎಷ್ಟು ನಜ್ಜುಗುಜ್ಜಾಯ್ತು ಅಂತ ಎಲ್ಲಾ. ಅವನ ಬಗ್ಗೆ ಒಂದೇ ಸಾಲು. ‘ಹಿಂದೆ ಕುಳಿತಿದ್ದ ಬಾಲಕನ ಕಾಲಿಗೆ ಪೆಟ್ಟಾಗಿದೆ.’ ಬೇಡಕ್ಕಾ ಅಂದಿದ್ದ. ನಾನೇ ಎತ್ತಿ ಕೂರಿಸ್ಕೊಂಡೆ.

ಅಮ್ಮ ತಿಂಗಳಿಗೆ ಎರಡು ಸಲ ಬರ್ತಾಳೆ. ಅವನೆಲ್ಲಿ ಅಂದ್ರೆ ಪರೀಕ್ಷೆ ಅಂತಾಳೆ. ಒಂಬತ್ತು ವರ್ಷದವನಿಗೆ ತಿಂಗಳಿಗೆ ಎರಡು ಪರೀಕ್ಷೆ ಯಾವ ಸ್ಕೂಲಲ್ಲಿ ಇಡ್ತಾರೆ ಮೇಡಂ? ಸುಳ್ಳು ಹೇಳೋಕೂ ಬರಲ್ಲ ಅವಳಿಗೆ, ನನ್ನ ಹತ್ರ ಬರೆಸ್ಕೊಂಡು ಹೋಗ್ಬಹುದಿತ್ತು. ಹೋದ ಸಲ ಮಾತ್ರ ನಿಜ ಹೇಳಿದ್ಲು. ಮೂರನೇ ಆಪರೇಷನ್ ಆಯ್ತಂತೆ. ಊರುಗೋಲು ಹಿಡ್ಕೊಂಡು ತಾನೇ ನಡೀತಾನಂತೆ. ಅಕ್ಕ ಬಂದಾಗ ಬಾಗಿಲು ನಾನೇ ತೆಗೀತೀನಿ, ಬೇರೆ ಯಾರೂ ಮುಟ್ಟಬಾರ್ದು ಅಂದಿದಾನಂತೆ.

ನಾನು ನಮ್ಮ ಮನೆ ಬಾಗಿಲು ತಟ್ಟಿದ್ದೇ ಇಲ್ಲ ಮೇಡಂ. ಮೆಟ್ಟಿಲ ಸದ್ದಿಗೇ ತೆಗೀತಿದ್ದ. ಈಗ ತಟ್ಬೇಕು. ತಟ್ಟಿ ಹೊರಗೆ ನಿಂತ್ಕೋಬೇಕು. ಒಳಗಿಂದ ಅವನು ಬರೋ ಸದ್ದು ಕೇಳಿಸುತ್ತಲ್ಲ... ಒಂದು ಕಾಲು, ಆಮೇಲೆ ಕೋಲು, ಆಮೇಲೆ... ಅಷ್ಟು ಹೊತ್ತು ನಾನು ಅಲ್ಲಿ ಏನು ಮಾಡ್ಲಿ?

ಕೊಡಿ ಪೆನ್ನು. ಕ್ಯಾಪ್ ನಾನೇ ತೆಗೀತೀನಿ.

‘ಮನೆಗೆ ಹೋದ ಮೊದಲ ದಿನ ಬಾಗಿಲು ತಟ್ಟಿ, ನೂರರ ತನಕ ಎಣಿಸುತ್ತೇನೆ.’

ನೂರು ಸಾಕಾಗುತ್ತಾ ಮೇಡಂ?