ಪಕ್ಕದ ಗೂಟದ ಗೊರಬು

ಗುರುತು ಪರಿಚಯ ಇಲ್ಲದವರಿಗಾಗಿ ಅಳುವುದು ನನಗೆ ಅರ್ಥವಾಗುವುದಿಲ್ಲ. ಅರ್ಥವಾಗದ್ದು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಾರವಾರದ ಕಾಲೇಜಿಗೆ ಹೋಗುವ ನನ್ನ ಮಗಳು ಗೋದಾವರಿ ಅನ್ನ ಬಿಟ್ಟು ಕೂತಿದ್ದಳು. ಅವಳ ಕಾಲೇಜಿನ ಹುಡುಗನೊಬ್ಬ ತನ್ನ ಜೀವ ತಾನೇ ಕಳೆದುಕೊಂಡಿದ್ದ. "ಹೆಸರೂ ಗೊತ್ತಿಲ್ಲದವನಿಗಾಗಿ ಯಾಕೆ ಉಪವಾಸ?" ಎಂದು ಕೂಗಾಡಿದೆ.

"ಅದೇ ಅಪ್ಪಾ, ಹೆಸ್ರೂ ಗೊತ್ತಿಲ್ಲ" ಎಂದಳು.

ಅವತ್ತು ನಮ್ಮೂರು ಬೆಳಂಬಾರದಲ್ಲಿ ದೀಪ ಹಚ್ಚುವ ಹೊತ್ತಿಗೇ ಕರೆಂಟು ಹೋಯಿತು. ಮಳೆ ಹೆಂಚು ಒಡೆಯುವಂತೆ ಸುರಿಯುತ್ತಿತ್ತು. ಮನೆಯಲ್ಲಿ ಅವಳ ಮುಖ ನೋಡಲಾರದೆ, ಒಂದೇ ಛತ್ರಿಯಲ್ಲಿ ಅವಳನ್ನು ಕರೆದುಕೊಂಡು ಪಕ್ಕದ ಜಟ್ಟು ಅಜ್ಜನ ಮನೆಗೆ ಹೋದೆ. ಛತ್ರಿಯನ್ನು ಜಗುಲಿಯ ಗೂಟಕ್ಕೆ ಹಾಕಿ ಒಳಗೆ ಕೂತೆವು. ಅಜ್ಜನ ಸೊಸೆ ಬೀರಿ ಒಲೆಯಲ್ಲಿ ಹಲಸಿನ ಬೀಜ ಸುಡುತ್ತಿದ್ದಳು.

"ಸುಬ್ಬಾ, ನಿನ್ ಕೂಗು ನಮ್ಮನಿ ತನಕ ಕೇಳ್ತು" ಎಂದ ಅಜ್ಜ. "ಹುಡ್ಗಿಗೆ ಎಂತಕ್ಕೆ ಬಯ್ತೆ? ನೀ ಬಾ ತಂಗೀ, ಇಲ್ಲಿ ಕೂಕಾ. ನಾ ಒಂದ್ ಹೇಳ್ತೆ."

"ಸುರು ಆಯ್ತು" ಎಂದಳು ಬೀರಿ. "ಮಾವ ಶಾಲಿಗೆ ಹೋದದ್ರಲ್ಲಿ ದೆವ್ವದ ಕತೆ ಒಂದದೆ, ಪಾಸಾದ ಕತೆ ಒಂದೂ ಇಲ್ಲ."

"ನೀ ಬೀಜ ನೋಡೇ, ಕರಕಾತದೆ" ಎಂದು ಅಜ್ಜ ಗೋದಾವರಿಯ ಕಡೆ ತಿರುಗಿದ.

"ಅಂಕೋಲೆಲಿ ಉಪ್ಪಿನ ಸತ್ಯಾಗ್ರಹ ಆಗಿ ಒಂದೆರಡ್ ಮಳೆಗಾಲ ಕಳ್ದಿತ್ತು. ನಾ ಕಾರವಾರದಲ್ಲಿ ಸೋದರತ್ತೆ ಮನೇಲಿ ಇದ್ಕಂಡಿ ಹೈಸ್ಕೂಲಿಗೆ ಹೋತಿದ್ದೆ. ಶಾಲೆ ಜಗುಲಿಲಿ ಸಾಲಾಗಿ ಗೂಟ, ಗೂಟಕ್ಕೆಲ್ಲ ಕಪ್ಪು ಛತ್ರಿ... ವಕೀಲ್ರ ಮಕ್ಕಳದು, ಸಾವಕಾರ್ರ ಮಕ್ಕಳದು. ಮೂಲೇಲಿ ಮಾತ್ರ ಎರಡು ಗೊರಬು. ಗೊರಬು ಕಂಡಿದ್ಯಾ? ಎಲೆ ಹೆಣೆದದ್ದು, ತಲೆಯಿಂದ ಸೊಂಟದ ತನಕ ಮುಚ್ತದೆ, ಗದ್ದೆ ನೆಟ್ಟಿ ಮಾಡೂ ಹೆಂಗಸ್ರು ಹಾಕ್ಕಂತಿದ್ರು. ಒಂದು ನಂದು. ಇನ್ನೊಂದು ಯಾರ್ದು? ನಾ ನೋಡ್ಲೇ ಇಲ್ಲ. ಯಾಕೆ ಹೇಳು? ನಾಚಿಕೆ! ಛತ್ರಿಯವ್ರೆಲ್ಲ ಹೋದ್ಮೇಲೆ ನಾ ಕದ್ದವ್ನ ಹಾಂಗೆ ನಂದು ತಕಂಡಿ ಓಡ್ತಿದ್ದೆ. ಅಂವ ನಾ ಹೋಗೂದನ್ನೇ ಕಾಯ್ತಿದ್ದ ಕಾಣ್ತದೆ. ಗೊರಬು ಎರಡೂ ತಾಗ್ಕಂಡಿ ಇರ್ತಿದ್ವು... ನಾವಿಬ್ರು ಒಂದಿನ ಮುಖ ನೋಡ್ಕಂಡವ್ರಲ್ಲ.

"ಒಂದ್ ಶನಿವಾರ ಕ್ಲಾಸಿಗೆ ಕಾಲಿಟ್ರೆ ಎಲ್ಲಾ ಗಪ್ಪ. ನನ್ನೇ ನೋಡ್ತಾ ಇದ್ರು. ಒಬ್ಬ ಬೆಂಚಿಂದ ಎದ್ದು ಹಿಂದೆ ಹಿಂದೆ ಹೋಗಿ ಗೋಡೆಗೆ ತಾಗಿದ. 'ಏ ಜಟ್ಟು... ಸತ್ತಂವ ನೀ ಅಲ್ವನಾ?' ಬೇರೆ ಕ್ಲಾಸಿನ ಹುಡ್ಗ ಒಬ್ಬ, ಚಿತ್ತಾಕುಲದಂವ, ಜೀವ ಕಳ್ಕಂಡಿದ್ದ. ಯಾವ ಹುಡ್ಗ? 'ಗೊರಬಿನ ಹುಡ್ಗ' ಅಂದ್ರಂತೆ. ಗೊರಬಿನ ಹುಡ್ಗ ಅಂದ್ರೆ ಅವ್ರಿಗೆ ನಾನೇ! ಹೆಂಗೆ ಸತ್ತ ಅಂತ ಕೇಳ್ಬೇಡಿ, ಹೇಳೂದಿಲ್ಲ. ಎಂತಕ್ಕೆ ಅಂತ ಇವತ್ತಿಗೂ ನಂಗೊತ್ತಿಲ್ಲ. ಮಾಸ್ತರು ಬಂದು ಹೆಸ್ರು ಹೇಳಿದ್ರು... ಪುಂಡಲೀಕ. ಅಂವ ಸತ್ಮೇಲೆ ನಾ ಅವ್ನ ಹೆಸ್ರು ಕೇಳಿದ್ದು, ತಂಗೀ.

"ಶಾಲೆ ಬಿಟ್ಟು ಜಗುಲಿಗೆ ಬಂದ್ರೆ ನನ್ ಗೊರಬಿನ ಪಕ್ಕ ಅವಂದು ಅಲ್ಲೇ ಅದೆ. ಅಂದ್ರೆ ಹಿಂದಿನ ದಿನ ಅಷ್ಟು ಮಳೆಲಿ ಅಂವ ಅದ್ನ ಬಿಟ್ಟೇ ಹೋಗಿದ್ದ... ಮನಸು ತಡೀಲಿಲ್ಲ. ಮನಿಯವ್ರಿಗೆ ಕೊಡ್ವ ಅಂತ ರವಿವಾರ ಕೋಡಿಬಾಗದಲ್ಲಿ ದೋಣಿ ಹತ್ತಿ ಕಾಳಿ ಹೊಳೆ ದಾಟ್ದೆ. ಆಚೆ ದಡದಲ್ಲಿ ಮಳೆ ಹಿಡೀತು. ಕೈಲಿ ಗೊರಬು ಇಟ್ಕಂಡಿ ಯಾರು ನೆನೀತ್ರು? ತಲೆಗೆ ಹಾಕ್ಕಂಡೆ. ಗೊರಬಿನೊಳ್ಗೆ ಮುಖ ಕಾಣೂದಿಲ್ಲ ಅಂತ ನಂಗೆ ಹೊಳೀಲೇ ಇಲ್ಲ! ಅವ್ನ ಆಯಿ ಬಾಗ್ಲಲ್ಲಿ ಕೂತವ್ಳು ಅಂಗಳಕ್ಕೆ ಓಡಿ ಬಂದ್ಲು. 'ಪುಂಡಲೀಕಾ, ಆಯ್ಲೊ ರೇ ಪುತಾ?' ಬಂದ್ಯಾ ಮಗನೇ, ಅಂತ. ನಾ ತಲೆ ಎತ್ತಿದೆ. ಆ ತಾಯಿ ಮುಖ... ಬೇಡ, ಅದ್ನ ಹೇಳೂಕಾಗೂದಿಲ್ಲ.

"ಒಳಗೆ ಕರ್ದು ಕೂರ್ಸಿದ್ಲು. 'ನೀ ಅವ್ನ ದೋಸ್ತನಾ?' ಕೇಳಿದ್ಲು. ಅಲ್ಲ ಅನ್ನೂಕೆ ಬಾಯಿ ಬತ್ತದ್ಯಾ? ಹೌದು ಅಂದೆ. 'ಮನೇಲಿ ಮಾತೇ ಇಲ್ಲಾಗಿತ್ತು. ಶಾಲೆಲಿ ನಗ್ತಿದ್ನಾ?' ನಗ್ತಿದ್ದ ಆಯಿ, ಸಿಳ್ಳೆ ಹೊಡ್ಕಂಡಿ ತಿರಗ್ತಿದ್ದ, ಅಂದೆ. ಎಲ್ಲಿಂದ ಬಂತೋ ಆ ಮಾತು! 'ಸಿಳ್ಳೆಯಾ? ನಮ್ ಪುಂಡಲೀಕಂಗೆ ಸಿಳ್ಳೆ ಬರೂದಿಲ್ಲಾಗಿತ್ತಲ್ಲ...' ಅಂದ್ಲು. ಅಂದದ್ದೇ ತಡ, ಮನೆ ಹಿಂದೆ, ಆ ಮಳೆಲಿ... ಫೂ... ಫೂ... ಬರೀ ಗಾಳಿ. ಸ್ವಲ್ಪ ತಡ್ದು ಮತ್ತೆ... ಫೂ. ಸಿಳ್ಳೆ ಹೊಡಿಯೂಕೆ ಆಗ ಕಲೀತಾ ಇದ್ದವ್ರ ಹಾಂಗೆ. ನನ್ ಮಾತು ಸುಳ್ಳಾಗ್ಬಾರ್ದು ಅಂತ ಅಂವ ಕಲೀತಾ ಇದ್ದ, ತಂಗೀ!

"ಗೊರಬು ಅಲ್ಲೇ ಬಿಟ್ಟು ನೆನ್ಕಂಡಿ ಓಡಿದೆ. ಸೋಮವಾರ ಶಾಲೆಲಿ ನನ್ ಗೊರಬು ಗೂಟಕ್ಕೆ ಹಾಕೂಕೆ ಹೋದ್ರೆ... ಪಕ್ಕದ ಗೂಟದಲ್ಲಿ ಅದು. ನೀರು ತೊಟ್ಟಿಕ್ತಾ ಅದೆ. ಎಲ್ಲಿಗಂತ ಓಡ್ಲಿ? 'ಪುಂಡಲೀಕಾ, ನಾ ಬೆಳಂಬಾರದ ಜಟ್ಟು' ಅಂದೆ. ಅಷ್ಟೇ. ಅವತ್ತಿಂದ ಗುರ್ತು. ಮಳೆಗಾಲ ಬಂದ್ರೆ ಅಂವ ಬತ್ತ. ಈಗ ಸಿಳ್ಳೆ ಚಲೋ ಹೊಡೀತ."

ಬೀಜ ಕರಕಾಗಿತ್ತು. ಬೀರಿ ಅದನ್ನು ಒಲೆಯಿಂದ ಈಚೆ ತೆಗೆದಿಟ್ಟಳು. ಗೋದಾವರಿ ಒಂದು ಬೀಜ ಎತ್ತಿಕೊಂಡು, ಕಪ್ಪು ಸಿಪ್ಪೆ ಬಿಡಿಸಿ, ಬಾಯಿಗೆ ಹಾಕಿಕೊಂಡಳು. ಅವಳು ತಿಂದದ್ದು ಕಂಡು ನನ್ನ ಕಣ್ಣು ತುಂಬಿತು. ಅದನ್ನು ಮುಚ್ಚಿಕೊಳ್ಳಲು, "ಎಲ್ಲಾ ಬುರುಡೆ! ಏಳು, ಮನೆಗೆ ಹೋಗುವ" ಎಂದು ರೇಗಿ ಜಗುಲಿಗೆ ಬಂದೆ.

ಅಜ್ಜ ಲಾಟೀನು ಹಿಡಿದು ಹಿಂದೆಯೇ ಬಂದ.

"ಸುಬ್ಬಾ, ನೀವಿಬ್ರು ಒಂದೇ ಛತ್ರಿಲಿ ಬಂದದ್ದಲ್ವಾ?"

"ಹೌದು. ಯಾಕೆ?"

"ಮತ್ತೆ ಅದು ಯಾರ್ದು?"

ನಮ್ಮ ಛತ್ರಿಯ ಪಕ್ಕದ ಗೂಟದಲ್ಲಿ ಇನ್ನೊಂದು ಇತ್ತು. ಕಾಲೇಜು ಹುಡುಗರು ಮಡಚಿ ಚೀಲದಲ್ಲಿ ಇಟ್ಟುಕೊಳ್ಳುವಂಥ ಸಣ್ಣ ಛತ್ರಿ. ಅದರ ತುದಿಯಿಂದ ನೀರು ಇಳಿಯುತ್ತಿತ್ತು. ಅಂಗಳದಲ್ಲಿ ಯಾರೂ ಇರಲಿಲ್ಲ. ಗೋದಾವರಿ ಹೊರಗೆ ಬಂದಳು; ನಾನು ಅವಳಿಗೆ ಅಡ್ಡ ನಿಂತೆ.

ಅಜ್ಜ ನನ್ನನ್ನು ಸರಿಸಿ ಗೋದಾವರಿಯ ಹೆಗಲ ಮೇಲೆ ಕೈ ಇಟ್ಟ.

"ಹೆದರ್ಬೇಡ ತಂಗೀ. ಮೊದ್ಲು ನಿನ್ ಹೆಸ್ರು ಹೇಳು. ಆಮೇಲೆ ಅವಂದು ಕೇಳು."